ಮುಲ್ಕಿ ಮುಗಿದ ಮೇಲೆ

ಗೋಕಾಕ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಎಂಬತ್ತರ ಆಸುಪಾಸಿನ ಹಿರಿಯರನ್ನು 'ಅಜ್ಜಾರ, ಸಾಲಿ ಎಷ್ಟ್ ಕಲ್ತೀರಿ?' ಎಂದು ಕೇಳಿ ನೋಡಿ. 'ಮುಲ್ಕಿ ಪಾಸ್ ಆಗೇನ್ರಿ' ಎಂಬ ಉತ್ತರ ಬಂದರೆ ಆ ಮಾತಿನಲ್ಲಿ ಒಂದು ಗತ್ತು ಇರುತ್ತದೆ. ಏಳನೆಯ ಇಯತ್ತೆ ಮುಗಿಸಿದೆ ಎಂಬುದಷ್ಟೇ ಅದರ ಅರ್ಥ. ಆದರೆ ಇಂದು ಏಳನೆಯ ತರಗತಿ ಮುಗಿಸಿದ ಯಾವ ಹುಡುಗನೂ ಅದನ್ನು ಗತ್ತಿನಿಂದ ಹೇಳುವುದಿಲ್ಲ. ಅಜ್ಜನಿಗೆ ಅದು ಓದಿನ ಕೊನೆಯಾಗಿತ್ತು, ಮೊಮ್ಮಗನಿಗೆ ಅದು ಒಂದು ಹೊಸ್ತಿಲು. ಈ ನಡುವೆ ಏನಾಯಿತು ಎಂಬುದು ಘಟಪ್ರಭೆಯ ದಂಡೆಯ ಈ ಮೂರು ತಾಲ್ಲೂಕುಗಳ ಮಟ್ಟಿಗಾದರೂ ಕೇಳಿ ತಿಳಿಯಬೇಕಾದ ಕಥೆ.

'ಮುಲ್ಕು' ಎಂದರೆ ನಾಡು, ಪ್ರಾಂತ. ನಾಡಿನ ಆಡಳಿತಕ್ಕೆ, ಅದರಲ್ಲೂ ಕಂದಾಯದ ವ್ಯವಹಾರಕ್ಕೆ ಸೇರಿದ್ದು 'ಮುಲ್ಕಿ'. ಮುಂಬಯಿ ಪ್ರಾಂತದ ಕಾಲದಲ್ಲಿ ಕನ್ನಡ ಶಾಲೆಯ ಏಳು ಇಯತ್ತೆ ಮುಗಿಸಿ ಬರೆಯುತ್ತಿದ್ದ ಸರಕಾರಿ ಪರೀಕ್ಷೆಗೆ ಜನ ಈ ಹೆಸರು ಕೊಟ್ಟರು. ಪರೀಕ್ಷೆಯ ಉದ್ದೇಶವೂ ಹೆಸರಿನಲ್ಲೇ ಇತ್ತು. ಅದರಲ್ಲಿ ಪಾಸಾದವನು ತಲಾಟಿಯಾಗಬಹುದು, ಕಚೇರಿಯಲ್ಲಿ ಕಾರಕೂನನಾಗಬಹುದು, ಟ್ರೇನಿಂಗ್ ಮುಗಿಸಿ ಸಾಲಿ ಮಾಸ್ತರನಾಗಬಹುದು. ಕಾಗದಪತ್ರದಲ್ಲಿ 'ವರ್ನಾಕ್ಯುಲರ್ ಫೈನಲ್' ಎಂದು ಅಚ್ಚಾಗುತ್ತಿದ್ದ ಈ ಪರೀಕ್ಷೆ ಹೆಸರಿಗೆ ತಕ್ಕಂತೆ 'ಫೈನಲ್'ಲೇ ಆಗಿತ್ತು. ಅಲ್ಲಿಗೆ ಓದು ಮುಗಿಯಿತು. ಮುಂದೆ ಹೈಸ್ಕೂಲಿಗೆ ಹೋಗುವ ದಾರಿ ಅಲ್ಲಿಂದ ಹೊರಡುತ್ತಲೇ ಇರಲಿಲ್ಲ.

ಹೈಸ್ಕೂಲಿನ ಏಣಿಯೇ ಬೇರೆ. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಮೇಲಿನ ಓದಿನ ಗುರಿಯೆಲ್ಲ ಅದರ ಮೆಟ್ರಿಕ್ಯುಲೇಶನ್ ಪರೀಕ್ಷೆಯಾಯಿತು. ಅದಕ್ಕೆ ಇಂಗ್ಲಿಷ್ ಬೇಕು. ಕನ್ನಡ ನಾಲ್ಕನೆಯ ಇಯತ್ತೆ ಮುಗಿಸಿದ ಹುಡುಗ ಅಲ್ಲಿಂದ ಅಡ್ಡ ದಾಟಿ ಇಂಗ್ಲಿಷ್ ಒಂದನೆಯ ಇಯತ್ತೆಗೆ ಸೇರಬೇಕು. ಮೊದಲ ಮೂರು ಇಂಗ್ಲಿಷ್ ಇಯತ್ತೆಗಳನ್ನು 'ಎ.ವಿ. ಸ್ಕೂಲ್' ಎಂದು ಕರೆಯಲಾಗುತ್ತಿದ್ದ ಆಂಗ್ಲೋ-ವರ್ನಾಕ್ಯುಲರ್ ಶಾಲೆಗಳು ಕಲಿಸುತ್ತಿದ್ದವು. ಇಂಗ್ಲಿಷ್ ನಾಲ್ಕರಿಂದ ಏಳರವರೆಗಿನದು ಹೈಸ್ಕೂಲು. ಅಂದರೆ ಮಗುವಿಗೆ ಹತ್ತು ಹನ್ನೊಂದು ವರ್ಷವಾದಾಗಲೇ ಅದರ ಮುಂದಿನ ಬದುಕು ಕನ್ನಡ ಏಣಿಯದೋ ಇಂಗ್ಲಿಷ್ ಏಣಿಯದೋ ಎಂದು ತಂದೆ ತೀರ್ಮಾನಿಸಬೇಕಾಗಿತ್ತು. ಊರಿನಲ್ಲಿರುವುದು ಕನ್ನಡ ಶಾಲೆ ಮಾತ್ರ. ಕೂತು ಓದುತ್ತಾನಲ್ಲ, ಓದಲಿ ಎಂದು ಬಿಟ್ಟ ತಂದೆಯ ಮಗ ಏಳನೆಯದು ಮುಗಿಸಿ ನೋಡಿದರೆ ಅವನ ಓರಗೆಯ ಪೇಟೆಯ ಹುಡುಗ ಮೂರು ಇಂಗ್ಲಿಷ್ ಇಯತ್ತೆ ಮುಂದೆ ಇರುತ್ತಿದ್ದ. ಬುದ್ಧಿ ಕಡಿಮೆಯಲ್ಲ, ಹತ್ತಿದ ಏಣಿ ಬೇರೆ.

ಆ ಕನ್ನಡ ಏಣಿಯಾದರೂ ಸುಲಭಕ್ಕೆ ಬಂದದ್ದಲ್ಲ. 1818ರಲ್ಲಿ ಪೇಶವೆಯವರ ಆಡಳಿತ ಕೊನೆಗೊಂಡು ಈ ಸೀಮೆ ಕಂಪನಿಯ ಕೈಸೇರಿದಾಗ, ಸರಕಾರ ತೆರೆದ ಶಾಲೆಗಳು ಬಹುಕಾಲ ಮರಾಠಿಯವೇ ಆಗಿದ್ದವು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಮೋಡಿ ಲಿಪಿ ತಿದ್ದುತ್ತಿತ್ತು. ಅಧಿಕಾರಿ ವಾಲ್ಟರ್ ಎಲಿಯಟ್, ಶಿಕ್ಷಣ ಇಲಾಖೆಯ ರಸೆಲ್, ಅವರ ಕೈಕೆಳಗೆ ದುಡಿದ ಡೆಪ್ಯುಟಿ ಚೆನ್ನಬಸಪ್ಪ ಇವರ ಒತ್ತಾಯದಿಂದ ಕನ್ನಡ ಶಾಲೆಗಳು ಬೆಳೆದವು. 1881ರಲ್ಲಿ ತೀರಿಕೊಂಡ ಚೆನ್ನಬಸಪ್ಪನವರ ಹೆಸರಿನ ಹಿಂದೆ ಅವರ ಹುದ್ದೆಯೇ ಇಂದಿಗೂ ಅಂಟಿಕೊಂಡಿರುವುದು ವಿನೋದವೂ ಹೌದು, ಗೌರವವೂ ಹೌದು.

ಕನ್ನಡ ಶಾಲೆಯ ಈ ಕೊನೆಯ ಮೆಟ್ಟಿಲಿನಿಂದಲೇ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ನಿದರ್ಶನವಿದೆ. ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿ ಮುಲ್ಕಿ ಮುಗಿಸಿ ಮಾಸ್ತರಿಕೆಗೆ ಸೇರಿದವರು. ಯಾವ ಪದವಿಯೂ ಇಲ್ಲದೆ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದರು, ಕನ್ನಡ ನುಡಿ ಮತ್ತು ಸಂಸ್ಕೃತಿಯ ಬಗೆಗೆ ವಿದ್ವಾಂಸರೆಲ್ಲ ಚರ್ಚಿಸುವಂಥ ಗ್ರಂಥಗಳನ್ನು ಬರೆದರು. ಆದರೆ ಶಂ.ಬಾ. ಅವರನ್ನು ತೋರಿಸಿ ಹೈಸ್ಕೂಲು ಇಲ್ಲದಿದ್ದರೂ ನಡೆಯುತ್ತದೆ ಎನ್ನುವುದು ಸರಿಯಲ್ಲ. ಅವರೊಬ್ಬರು ದಾಟಿದರು. ಉಳಿದವರು ತಲಾಟಿಯ ಚಾವಡಿಯಲ್ಲಿ, ಅಂಗಡಿಯ ಗಲ್ಲೆಯಲ್ಲಿ, ಬಹಳಷ್ಟು ಮಂದಿ ಹೊಲದಲ್ಲಿ ಉಳಿದರು.

ಇಷ್ಟಕ್ಕೂ ಹೈಸ್ಕೂಲು ಎಲ್ಲಿತ್ತು? ಗೋಕಾಕ, ಹುಕ್ಕೇರಿಯ ಹುಡುಗನಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೈಸ್ಕೂಲು ಎಂದರೆ ಬೆಳಗಾವಿ. ಲಂಡನ್ ಮಿಷನ್ನಿನವರು 1832ರಲ್ಲಿ ಆರಂಭಿಸಿದ ಶಾಲೆ (ಇಂದಿನ ಬೆನನ್ ಸ್ಮಿತ್ ಹೈಸ್ಕೂಲು) ಅಲ್ಲಿತ್ತು, ಸರ್ದಾರ್ಸ್ ಹೈಸ್ಕೂಲು ಅಲ್ಲಿತ್ತು. ಬೆಳಗಾವಿಗೆ ಹೋಗಿ ಹೆಸರು ಹಚ್ಚಬಹುದು, ಆದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಪದ್ಧತಿಯಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆ ಗೊತ್ತುಮಾಡಿಕೊಂಡರೆ ಊಟದ ಚಿಂತೆ ತೀರಿತು. ಅದರಲ್ಲೂ ಅವಮಾನಗಳಿದ್ದವು, ಉಪವಾಸದ ವಾರಗಳಿದ್ದವು, ಆ ಮಾತು ಬೇರೆ. ಒಕ್ಕಲು ಮಕ್ಕಳಿಗೆ, ಕಸುಬುದಾರರ ಮಕ್ಕಳಿಗೆ ಅಷ್ಟೂ ಆಸರೆ ಇರಲಿಲ್ಲ. ದಲಿತರ ಮಕ್ಕಳ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಬಾಡಿಗೆಗೆ ಕೋಣೆ ಕೊಡುವವರೇ ಇಲ್ಲದಲ್ಲಿ ಶಾಲೆಯ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು?

ಆದ್ದರಿಂದ ಈ ಭಾಗದಲ್ಲಿ ಹೈಸ್ಕೂಲಿನ ಚರಿತ್ರೆ ಎಂದರೆ ಅರ್ಧದಷ್ಟು ಅನ್ನದ ಚರಿತ್ರೆ. ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಮೊದಲ್ಗೊಂಡು ಒಂದೊಂದು ಸಮುದಾಯಕ್ಕೆ ಒಂದೊಂದು ಬೋರ್ಡಿಂಗ್ ತೆರೆಯಿಸಿದರು. ಮರಾಠರದು, ಜೈನರದು, ಲಿಂಗಾಯತರದು, ಮುಸಲ್ಮಾನರದು ಹೀಗೆ. ಸಂಕೇಶ್ವರದಿಂದ ಕೊಲ್ಲಾಪುರ ದೂರವೇನಲ್ಲ, ಅಲ್ಲಿಯ ಗಾಳಿ ಇತ್ತಲೂ ಬೀಸಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು 1917ರಲ್ಲಿ ವಿದ್ಯಾರ್ಥಿಗಳ ಪ್ರಸಾದ ನಿಲಯ ಆರಂಭಿಸಿದರು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿ ಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಆರಂಭಿಸಿದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಜಿಲ್ಲೆಯ ಯಾವ ತಾಲ್ಲೂಕಿಗೆ ಹೋದರೂ ಸಿಗುತ್ತಾರೆ. ಡಾ. ಅಂಬೇಡ್ಕರ್ 1928ರಲ್ಲಿ ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಹೈಸ್ಕೂಲು ವಿದ್ಯಾರ್ಥಿಗಳಿಗೆಂದು ನಡೆಸಿದ ವಸತಿ ನಿಲಯಗಳಲ್ಲಿ ಧಾರವಾಡದ್ದೂ ಒಂದು. ಪ್ರತಿ ಜಾತಿಗೂ ಬೇರೆ ಬೇರೆ ಬಾಗಿಲು ಎಂಬುದನ್ನು ಇಂದು ಓದಿದಾಗ ಮನಸ್ಸಿಗೆ ಹಿಡಿಸದಿರಬಹುದು. ಎಲ್ಲರಿಗೂ ಒಂದೇ ಬಾಗಿಲು ತೆರೆಯುವವರು ಆಗ ಯಾರೂ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಶಾಲೆಯ ಕಡೆಯಿಂದ ನಡೆದ ದೊಡ್ಡ ಪ್ರಯತ್ನವೆಂದರೆ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಆರಂಭವಾದ ಎ.ವಿ. ಶಾಲೆ. ಬಸವನಾಳ, ಸಾಖರೆ, ಮಮದಾಪುರ, ಹಂಚಿನಾಳ, ಕಟ್ಟೀಮನಿ, ಚಿಕ್ಕೋಡಿ, ಪಾಟೀಲ ಎಂಬ ಅಡ್ಡಹೆಸರಿನ ಏಳು ಜನ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯ ಮೊದಲ ಶಾಲೆ ಅದು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಅವರ ಹಿಂದೆ ಅರಟಾಳ ರುದ್ರಗೌಡರಂಥ ದಾನಿಗಳಿದ್ದರು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟು ಹೋಗಿದ್ದರು. ಈ ಸೊಸೈಟಿ ಕಾಲೇಜಿನಿಂದ ಆರಂಭಿಸಲಿಲ್ಲ, ಎ.ವಿ. ಶಾಲೆಯಿಂದ ಆರಂಭಿಸಿತು ಎಂಬುದನ್ನು ಗಮನಿಸಬೇಕು. ಕನ್ನಡ ನಾಲ್ಕನೆಯದಕ್ಕೂ ಹೈಸ್ಕೂಲಿಗೂ ನಡುವೆ ಏಣಿ ಎಲ್ಲಿ ಮುರಿದಿತ್ತೋ ಅಲ್ಲಿಗೇ ಕೈ ಹಾಕಿದರು. ಅವರು ಸ್ವತಃ ಶಿಕ್ಷಕರಾಗಿದ್ದರಿಂದ ಮುರಿದ ಜಾಗ ಅವರಿಗೆ ಗೊತ್ತಿತ್ತು.

ಇತ್ತ ಗೋಕಾಕದಲ್ಲಿ ಹುಡುಗರನ್ನು ಎಳೆಯುವ ಇನ್ನೊಂದು ಬಾಗಿಲಿತ್ತು. ಘಟಪ್ರಭಾ ನದಿ ಸುಮಾರು 170 ಅಡಿ ಧುಮುಕುವ ಗೋಕಾಕ ಫಾಲ್ಸಿನಲ್ಲಿ 1880ರ ದಶಕದಲ್ಲಿ ನೂಲಿನ ಗಿರಣಿ ಬಂತು. ನೀರಿನ ಬಲದಿಂದ ಅದರ ಚಕ್ರಗಳು ತಿರುಗಿದವು. 1891ರ ಕಾರ್ಖಾನೆ ಕಾಯಿದೆಯ ಪ್ರಕಾರ ಒಂಬತ್ತು ವರ್ಷ ತುಂಬಿದ ಮಗುವನ್ನು ದಿನಕ್ಕೆ ಏಳು ತಾಸು ದುಡಿಸಬಹುದಿತ್ತು. 1922ರ ಕಾಯಿದೆ ಅದನ್ನು ಹನ್ನೆರಡು ವರ್ಷಕ್ಕೆ ಏರಿಸಿ ಆರು ತಾಸಿಗೆ ಇಳಿಸಿತು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಅದು ಹದಿನಾಲ್ಕಾಯಿತು. ಏಳು ಇಯತ್ತೆ ಮುಗಿಸಿದ ಹುಡುಗನ ವಯಸ್ಸು ಹದಿಮೂರು ಹದಿನಾಲ್ಕು. ಹೈಸ್ಕೂಲಿನ ಬಾಗಿಲು ಬೆಳಗಾವಿಯಲ್ಲಿ, ಗಿರಣಿಯ ಬಾಗಿಲು ನದಿಯ ದಂಡೆಯಲ್ಲಿ. ಹುಡುಗಿಯರಿಗಾದರೆ ಆ ವಯಸ್ಸಿನಲ್ಲಿ ಇನ್ನೊಂದು ಬಾಗಿಲು. 1929ರ ಶಾರದಾ ಕಾಯಿದೆ ಹುಡುಗಿಯ ಮದುವೆಗೆ ಗೊತ್ತುಮಾಡಿದ ಕನಿಷ್ಠ ವಯಸ್ಸು ಕೂಡ ಹದಿನಾಲ್ಕೇ. ಅದು ಹದಿನೆಂಟಾಗಲು 1978 ಬರಬೇಕಾಯಿತು. ಶಾಲೆಯ ಏಣಿ ಎಲ್ಲಿ ಮುರಿದಿತ್ತೋ ಸರಿಯಾಗಿ ಅಲ್ಲಿಯೇ ದುಡಿಮೆಯ ಕಾನೂನೂ ಮದುವೆಯ ಕಾನೂನೂ ಬಂದು ನಿಂತಿದ್ದವು. ಈ ಹದಿನಾಲ್ಕರ ಮಾತಿಗೆ ಮತ್ತೆ ಬರಬೇಕಾಗುತ್ತದೆ.

ಏಣಿಗಳೆರಡನ್ನೂ ಜೋಡಿಸಿದ್ದು ಸ್ವಾತಂತ್ರ್ಯಾನಂತರದ ಮುಂಬಯಿ ಸರಕಾರ. ಬಿ.ಜಿ. ಖೇರ್ ಅವರು ಮುಖ್ಯಮಂತ್ರಿಯಾಗಿದ್ದಾಗ ಎಂಟನೆಯ ಇಯತ್ತೆಗಿಂತ ಕೆಳಗೆ ಇಂಗ್ಲಿಷ್ ಕಲಿಸುವುದನ್ನು ನಿಲ್ಲಿಸಲಾಯಿತು. 1948ರಲ್ಲಿ ಎಸ್.ಎಸ್.ಸಿ. ಪರೀಕ್ಷಾ ಮಂಡಳಿ ರಚನೆಯಾಗಿ, ವಿಶ್ವವಿದ್ಯಾಲಯದ ಮೆಟ್ರಿಕ್ ಬದಲು ಹೈಸ್ಕೂಲಿಗೇ ತನ್ನದೊಂದು ಕೊನೆಯ ಪರೀಕ್ಷೆ ಬಂತು. ಪರಿಣಾಮ ಏನೆಂದರೆ ಪೇಟೆಯ ಹುಡುಗನೂ ಹಳ್ಳಿಯ ಹುಡುಗನೂ ಎ, ಬಿ, ಸಿ, ಡಿ ತಿದ್ದುವುದು ಒಂದೇ ದಿನ, ಎಂಟನೆಯ ಇಯತ್ತೆಯಲ್ಲಿ. ಈ ತೀರ್ಮಾನವನ್ನು ಇಂಗ್ಲಿಷ್ ಅಭಿಮಾನಿಗಳು ಬಹಳ ಟೀಕಿಸಿದರು. ಹದಿಮೂರನೆಯ ವರ್ಷಕ್ಕೆ ಹೊಸ ಭಾಷೆ ಹಿಡಿದು ನಾಲ್ಕೇ ವರ್ಷಕ್ಕೆ ಪರೀಕ್ಷೆ ಬರೆಯಬೇಕಾದ ಹುಡುಗರು ತಿಣುಕಿದ್ದೂ ನಿಜವೇ. ಆದರೆ ಕನ್ನಡ ಏಳನೆಯದು ಓದಿದ ಹುಡುಗ ಹಿಂದೆ ಬೀಳುವುದು ಅಲ್ಲಿಗೆ ತಪ್ಪಿತು. ಮುಲ್ಕಿ ಎಂಬ ಗೋಡೆ ಹೊಸ್ತಿಲಾದದ್ದು ಆಗ. ಖೇರ್ ಅವರನ್ನು ನೆನೆಯುವವರು ಕಡಿಮೆ. ಈ ಒಂದು ಕಾರಣಕ್ಕಾದರೂ ಗಡಿಯ ಈಚೆಯ ಹಳ್ಳಿಗಳು ಅವರನ್ನು ನೆನೆಯಬಹುದು.

ಹೊಸ್ತಿಲು ತಗ್ಗಾದ ಮಾತ್ರಕ್ಕೆ ಎಲ್ಲರೂ ದಾಟಿದರೆಂದಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಕಮ್ಮಾರರ ಮನೆಯೊಂದರಲ್ಲಿ ಒಬ್ಬ ಹುಡುಗ ಹುಟ್ಟಿದ. ತಂದೆ ಬಸವಣ್ಣೆಪ್ಪ, ತಾಯಿ ಚೆನ್ನಮ್ಮ. ಗೋಕಾಕದಲ್ಲಿ ಓದು ಸಾಗಿತ್ತು. ಬಡತನದಿಂದಾಗಿ ಅದು ನಡುವೆಯೇ ನಿಂತಿತು. ಅಂಥ ಮನೆಗಳಲ್ಲಿ ಹೈಸ್ಕೂಲಿನ ವಯಸ್ಸಿಗೆ ಬಂದ ಮಗನೆಂದರೆ ತಿದಿ ಒತ್ತಲು, ಸುತ್ತಿಗೆ ಹಿಡಿಯಲು ಒದಗುವ ಕೈ. ಹೀಗೆ ಶಾಲೆ ಬಿಟ್ಟ ಮಕ್ಕಳ ಹೆಸರುಗಳು ಎಷ್ಟೋ ರಜಿಸ್ಟರುಗಳಲ್ಲಿ ಧೂಳು ತಿನ್ನುತ್ತಿವೆ. ಈ ಹುಡುಗನ ಹೆಸರು ಹಾಗೆ ಉಳಿಯಲಿಲ್ಲ. ಗೋಕಾಕ ತಾಲ್ಲೂಕಿನ ಸಾವಳಗಿ ಮಠದ ಜಗದ್ಗುರು ಸಿದ್ಧರಾಮ ಸ್ವಾಮಿಗಳು ಅವನ ಶಾಲೆಯ ಪೂರ್ತಿ ವೆಚ್ಚವನ್ನು ವಹಿಸಿಕೊಂಡರು. ಸಾವಳಗಿಯ ಶಿವಲಿಂಗೇಶ್ವರ ಪೀಠ ಹಿಂದೂ ಮುಸ್ಲಿಂ ಭೇದವಿಲ್ಲದೆ ಭಕ್ತರು ನಡೆದುಕೊಳ್ಳುವ ಗದ್ದುಗೆ. ಹುಡುಗ ಮತ್ತೆ ಶಾಲೆಗೆ ಹೋದ, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ. ಅವರೇ ಚಂದ್ರಶೇಖರ ಕಂಬಾರ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಕುಲಪತಿ, 2010ನೆಯ ಸಾಲಿನ ಜ್ಞಾನಪೀಠ ಪುರಸ್ಕೃತರು, 2018ರಿಂದ 2023ರವರೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರು.

ಕಂಬಾರರ ಪ್ರತಿಭೆಯ ಬಗ್ಗೆ ಬರೆಯುವವರು ಘೋಡಗೇರಿಯ ಬಯಲಾಟ, ಲಾವಣಿ, ಕರಿಮಾಯಿಯ ಬಗ್ಗೆ ಬರೆಯುತ್ತಾರೆ. ಅದು ಸರಿಯೇ. ಆದರೆ ಶಾಲೆಯ ಫೀಯಿನ ಲೆಕ್ಕವನ್ನೂ ಒಂದು ಮೂಲೆಯಲ್ಲಿ ಬರೆದಿಡಬೇಕು. ಜನಪದ ರಂಗಭೂಮಿಯ ಮೇಲೆ ಪ್ರಬಂಧ ಬರೆಯಲು ಮೊದಲು ಹೈಸ್ಕೂಲು ದಾಟಬೇಕಿತ್ತು. ಅಲ್ಲಿ ಬೇಕಾದದ್ದು ಪ್ರತಿಭೆಯಲ್ಲ, ದುಡ್ಡು, ಮತ್ತು 'ನಾನು ಕೊಡುತ್ತೇನೆ, ನೀನು ಹೋಗು' ಎನ್ನುವ ಒಬ್ಬ ಹಿರಿಯರು. ಅವರ ಅಡ್ಡಹೆಸರಿನಲ್ಲೇ ಕಮ್ಮಾರಿಕೆ ಇದೆ. ಮುಂಬಯಿ ಕರ್ನಾಟಕದ ಶಾಲೆಗಳ ರಜಿಸ್ಟರಿನಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬರೆಯುವ ರೂಢಿ. ಕಸುಬೋ ಊರೋ ಅಡ್ಡಹೆಸರಾಗುತ್ತದೆ. ಗೋಕಾಕ ತಾಲ್ಲೂಕಿನ ಬೆಟಗೇರಿಯ ಕೃಷ್ಣಶರ್ಮರು 'ಬೆಟಗೇರಿ'ಯಾದದ್ದು ಹಾಗೆ. ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣರಾಯರು 'ಗೋಕಾಕ' ಆಗಿರುವುದೂ ಹಾಗೆಯೇ.

ಗೋಕಾಕ ಎಂದೊಡನೆ ನಾಡಿನ ಉಳಿದ ಭಾಗದವರಿಗೆ ಊರಿಗಿಂತ ಮೊದಲು ನೆನಪಾಗುವುದು ಗೋಕಾಕ ವರದಿ, ಗೋಕಾಕ ಚಳವಳಿ. ವಿ.ಕೃ. ಗೋಕಾಕರ ಸಮಿತಿ 1981ರ ಜನವರಿಯಲ್ಲಿ ಕೊಟ್ಟ ವರದಿ ಮೂಲತಃ ನಮ್ಮ ಈ ಹೊಸ್ತಿಲಿಗೇ ಸಂಬಂಧಿಸಿದ್ದು. ಹೈಸ್ಕೂಲಿಗೆ ಹೆಸರು ಹಚ್ಚುವಾಗ ಅರ್ಜಿಯಲ್ಲಿ 'ಪ್ರಥಮ ಭಾಷೆ' ಎಂಬ ಜಾಗದಲ್ಲಿ ಏನು ಬರೆಯಬೇಕು ಎಂಬುದೇ ಪ್ರಶ್ನೆ. ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿ 150 ಅಂಕಗಳಿಗಿರಬೇಕು, ಉಳಿದೆರಡು ಭಾಷೆ ತಲಾ 100 ಎಂದು ಸಮಿತಿ ಹೇಳಿತು. ಮುಂದಿನದು ಬೀದಿಯಲ್ಲೂ ನ್ಯಾಯಾಲಯಗಳಲ್ಲೂ ನಡೆದ ಇತಿಹಾಸ, ಅದನ್ನಿಲ್ಲಿ ಬಿಡಿಸುವ ಅಗತ್ಯವಿಲ್ಲ. ಆದರೆ ಹುಕ್ಕೇರಿಯಂಥ ಗಡಿಯ ತಾಲ್ಲೂಕಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಪ್ರಾಥಮಿಕ ಶಾಲೆಗಳಿವೆ. ತನ್ನ ಮಾಧ್ಯಮದಲ್ಲೇ ಏಳನೆಯದು ಮುಗಿಸಿದ ಮಗುವಿಗೆ ಅದೇ ಮಾಧ್ಯಮದ ಹೈಸ್ಕೂಲು ನಡೆದು ಹೋಗುವಷ್ಟು ದೂರದಲ್ಲಿ ಸಿಗದಿದ್ದರೆ ಅದರ ಓದು ಅಲ್ಲಿಗೇ ನಿಂತುಬಿಡಬಹುದು. ಚಳವಳಿಯ ಘೋಷಣೆಗಳ ನಡುವೆ ಈ ಸಣ್ಣ ಸಂಗತಿ ಕೇಳಿಸಲಿಲ್ಲ.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ, ಚಂದಗಡ ತಾಲ್ಲೂಕನ್ನು ಬಿಟ್ಟು, ಮೈಸೂರು ರಾಜ್ಯಕ್ಕೆ ಸೇರಿತು. ಕ್ರಮೇಣ ಏಳು ವರ್ಷ ಪ್ರಾಥಮಿಕ, ಮೂರು ವರ್ಷ ಪ್ರೌಢ ಎಂಬ ಇಂದಿನ ರಚನೆ ಬಂತು; ಎಸ್.ಎಸ್.ಸಿ. ಹೋಗಿ ಎಸ್.ಎಸ್.ಎಲ್.ಸಿ. ಆಯಿತು. ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ ಮಾತ್ರ ಬಹುಕಾಲ ಉಳಿಯಿತು. ಜನರ ಬಾಯಲ್ಲಿ ಅದು ಮುಲ್ಕಿಯೇ. ಪರೀಕ್ಷೆಯ ಕೇಂದ್ರ ಬೇರೆ ಊರಿನಲ್ಲಿ. ಮಾಸ್ತರರು ಹುಡುಗರನ್ನು ಕಟ್ಟಿಕೊಂಡು, ಬುತ್ತಿ ಹೊರಿಸಿಕೊಂಡು ಹೊರಡುತ್ತಿದ್ದರು. ರಾತ್ರಿ ಕಂದೀಲಿನ ಬೆಳಕಿನಲ್ಲಿ ಲೆಕ್ಕ ಬಿಡಿಸುತ್ತಿದ್ದರು. ಆ ಪರೀಕ್ಷೆಯನ್ನು ನೆನೆದು ಈಗ ಹಲುಬುವವರಿದ್ದಾರೆ. ಅದರಲ್ಲಿ ನಪಾಸಾದವರು ನೆನೆಯುವುದನ್ನು ಮಾತ್ರ ಯಾರೂ ಕೇಳಿಸಿಕೊಂಡಿಲ್ಲ. ಏಳನೆಯದಕ್ಕೆ ಕೂತವರಲ್ಲಿ ಕೆಲವರಿಗೆ ಅದು ಶಾಲೆಯಿಂದ ಹೊರಗೆ ತಳ್ಳುವ ಕೈಯಾಗಿತ್ತು. ಇತ್ತೀಚೆಗೆ 2023 ಮತ್ತು 2024ರಲ್ಲಿ ಐದು, ಎಂಟು ಮುಂತಾದ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ನಡೆಸಹೊರಟಾಗ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಗ ಕೇಳಿಬಂದ ವಾದಗಳೆಲ್ಲ ಹಳೆಯ ಮುಲ್ಕಿಯ ವಾದಗಳೇ.

ಪರೀಕ್ಷೆಗಿಂತ ಗಟ್ಟಿಯಾಗಿ ಉಳಿದದ್ದು ಕಾಗದ. ಏಳನೆಯದು ಮುಗಿಸಿದ ಶಾಲೆ ಕೊಡುವ ದಾಖಲೆಗೆ ಇಲ್ಲಿ ಹಳೆಯ ರೂಢಿಯಂತೆ 'ಲಿವಿಂಗ್ ಸರ್ಟಿಫಿಕೇಟ್' ಎನ್ನುತ್ತಾರೆ, ಉಳಿದ ಕಡೆ ವರ್ಗಾವಣೆ ಪತ್ರ ಅಥವಾ ಟಿ.ಸಿ. ಶಾಲೆ ಬಿಟ್ಟ ಪತ್ರ ಎಂಬ ಅರ್ಥದ ಇಂಗ್ಲಿಷ್ ಮಾತು ಬಾಯಿಂದ ಬಾಯಿಗೆ ಬಂದು 'ಬದುಕಿನ ಪತ್ರ'ವಾಗಿ ಕೇಳಿಸುವುದು ಎಷ್ಟು ಸರಿಯಾಗಿದೆ! ಜಾತಿ, ಜನ್ಮದಿನಾಂಕ, ತಂದೆಯ ಹೆಸರು, ಅಡ್ಡಹೆಸರಿನ ಅಕ್ಷರ, ಇದರಲ್ಲಿ ಏನು ಬರೆದಿದೆಯೋ ಅದೇ ಮುಂದೆ ಜೀವಮಾನವಿಡೀ ಸತ್ಯ. ನಮ್ಮಲ್ಲಿ ಜೂನ್ 1ರಂದು ಹುಟ್ಟಿದವರು ಇಷ್ಟೊಂದು ಜನ ಏಕೆ ಎಂದು ಹೊರಗಿನವರು ಬೆರಗಾಗುತ್ತಾರೆ. ಹುಟ್ಟಿದ ದಿನ ಗೊತ್ತಿಲ್ಲದ ತಾಯಿ 'ದೊಡ್ಡ ಮಳಿ ಬಂದಾಗ ಹುಟ್ಟ್ಯಾನ್ರಿ' ಎಂದಾಗ, ಶಾಲೆ ತೆರೆಯುವ ತಿಂಗಳ ಮೊದಲ ದಿನವನ್ನೇ ಬರೆದು ಮಾಸ್ತರರು ವಯಸ್ಸು ಹೊಂದಿಸಿದರು. ಅವರಿಗೆ ಅದು ಉಪಕಾರ. ಆ ಉಪಕಾರದಿಂದ ಒಂದು ವರ್ಷ ಮೊದಲೇ ನಿವೃತ್ತರಾದವರೂ ಇದ್ದಾರೆ, ಒಂದು ವರ್ಷ ಹೆಚ್ಚು ದುಡಿದವರೂ ಇದ್ದಾರೆ.

ಆ ಪತ್ರದ ಒಂದು ಸಾಲು ಮಾತ್ರ ಕೆಲವು ಮಕ್ಕಳಿಗೆ ಮುಳ್ಳಾಗಿತ್ತು. ದೇವದಾಸಿ ಪದ್ಧತಿ ಬಲವಾಗಿ ಬೇರುಬಿಟ್ಟಿದ್ದ ಪ್ರದೇಶ ಇದು. 1982ರ ಕಾಯಿದೆ ದೇವರಿಗೆ ಬಿಡುವುದನ್ನು ನಿಷೇಧಿಸಿತು. ಆದರೆ ಹುಟ್ಟಿದ ಮಕ್ಕಳು ಶಾಲೆಗೆ ಬಂದಾಗ 'ತಂದೆಯ ಹೆಸರು' ಎಂಬ ಜಾಗದಲ್ಲಿ ಏನು ಬರೆಯುವುದು? ಸಣ್ಣ ಶಾಲೆಯಲ್ಲಿ ಊರಿನ ಮಾಸ್ತರರು ಗೊತ್ತಿದ್ದೂ ಸುಮ್ಮನಿದ್ದು ಏನೋ ಒಂದು ಬರೆದುಕೊಂಡಿರುತ್ತಾರೆ. ಹೈಸ್ಕೂಲಿಗೆ ಬೇರೆ ಊರಿಗೆ ಹೋದಾಗ ಅಪರಿಚಿತ ಗುಮಾಸ್ತ ಅದನ್ನೇ ಗಟ್ಟಿಯಾಗಿ ಕೇಳುತ್ತಾನೆ, ಸರತಿಯಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಾರೆ. ಹದಿಮೂರರ ಮಗು ಶಾಲೆ ಬೇಡವೆನ್ನಲು ಅಷ್ಟು ಸಾಕು. ಘಟಪ್ರಭೆಯಲ್ಲಿ ನೆಲೆಯೂರಿ, ಹಿಂದೆ ದೇವದಾಸಿಯರಾಗಿದ್ದ ಮಹಿಳೆಯರೇ 1997ರಲ್ಲಿ ಕಟ್ಟಿದ 'ಮಾಸ್' ಎಂಬ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಈ ಮಕ್ಕಳ ಓದನ್ನೂ ತನ್ನ ಕೆಲಸವೆಂದು ಹಚ್ಚಿಕೊಂಡಿತು. ತಾಯಿಯ ಹೆಸರೇ ಸಾಕು ಎಂಬ ಮಾತು ಕಚೇರಿಗಳಿಗೆ ಮುಟ್ಟಲು ದಶಕಗಳೇ ಹಿಡಿದವು.

2019ರ ಆಗಸ್ಟಿನ ಪ್ರವಾಹದಲ್ಲಿ ಘಟಪ್ರಭೆ ಗೋಕಾಕ ಪಟ್ಟಣಕ್ಕೇ ನುಗ್ಗಿತು. ಹುಕ್ಕೇರಿ, ಮೂಡಲಗಿ ತಾಲ್ಲೂಕುಗಳ ನದಿ ದಂಡೆಯ ಹಳ್ಳಿಗಳು ಮುಳುಗಿದವು. ಜನ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದರು. ಟ್ರಂಕಿನಲ್ಲಿದ್ದ ಕಾಗದಗಳು ನೀರುಪಾಲಾದಾಗ ಶಾಲೆಯ ಹಳೆಯ ರಜಿಸ್ಟರಿನ ಬೆಲೆ ಎಷ್ಟೆಂದು ಎಷ್ಟೋ ಮನೆಗಳಿಗೆ ಗೊತ್ತಾಯಿತು.

ಮೂಡಲಗಿಯ ಮಾತು ಬಂತು. ಶಿವಬೋಧರಂಗರ ಮಠದಿಂದ ಹೆಸರಾದ ಈ ಊರು ಗೋಕಾಕ ತಾಲ್ಲೂಕಿನಿಂದ ಬೇರೆಯಾಗಿ ತಾಲ್ಲೂಕಾಗಲು ಜನ ಬೀದಿಗಿಳಿದು ಹೋರಾಡಬೇಕಾಯಿತು. ತಾಲ್ಲೂಕು ಬಂದದ್ದು ಈಚೆಗೆ. ಆದರೆ ಅದಕ್ಕೂ ಮೊದಲೇ ಶಿಕ್ಷಣ ಇಲಾಖೆಯ ನಕ್ಷೆಯಲ್ಲಿ ಮೂಡಲಗಿ ಪ್ರತ್ಯೇಕ ವಲಯವಾಗಿತ್ತು, ಅಲ್ಲಿಗೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದರು. ಕಂದಾಯದವರಿಗೆ ಕಾಣಿಸುವ ಮೊದಲು ಮೂಡಲಗಿ ಮಾಸ್ತರರಿಗೆ ಕಂಡಿತ್ತು. ಇಂದು ಈ ಮೂರೂ ವಲಯಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಉತ್ತರ ಕರ್ನಾಟಕದ ಫಲಿತಾಂಶವೆಂದರೆ ಪಟ್ಟಿಯ ಕೆಳಗಿನಿಂದ ಹುಡುಕಬೇಕು ಎಂದುಕೊಂಡಿದ್ದವರಿಗೆ 2018ರ ಎಸ್.ಎಸ್.ಎಲ್.ಸಿ. ಫಲಿತಾಂಶ ಅಚ್ಚರಿ ತಂದಿತು. ಉಡುಪಿ, ಉತ್ತರ ಕನ್ನಡಗಳ ನಂತರ ಮೂರನೆಯ ಸ್ಥಾನ ಚಿಕ್ಕೋಡಿಯದಾಗಿತ್ತು. ಆದರೆ ಈ ಲೆಕ್ಕದಲ್ಲಿ ಬರುವವರು ಪರೀಕ್ಷೆಗೆ ಕೂತವರು ಮಾತ್ರ. ಎಂಟನೆಯ ತರಗತಿಗೆ ಬಾರದೆ ಉಳಿದವರು ಯಾವ ಶೇಕಡಾವಾರಿನಲ್ಲೂ ಇಲ್ಲ.

ಅವರು ಏಕೆ ಬರುವುದಿಲ್ಲ ಎಂಬಲ್ಲಿ ಮತ್ತೆ ಹದಿನಾಲ್ಕರ ಮಾತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರಿಗೆ, ಒಂದರಿಂದ ಎಂಟನೆಯ ತರಗತಿಯವರೆಗೆ ಉಚಿತ ಮತ್ತು ಕಡ್ಡಾಯ. ನಮ್ಮಲ್ಲಿ ಪ್ರಾಥಮಿಕ ಶಾಲೆ ಏಳಕ್ಕೆ ಮುಗಿಯುತ್ತದೆ. ಹಾಗಾಗಿ ಎಂಟನೆಯದು ಕಾನೂನಿನ ಪ್ರಕಾರ ಕಡ್ಡಾಯ ಶಿಕ್ಷಣದ ಕೊನೆಯ ಮೆಟ್ಟಿಲು, ಊರಿನ ಲೆಕ್ಕದಲ್ಲಿ ಬೇರೆ ಊರಿನ ಹೈಸ್ಕೂಲಿನ ಮೊದಲ ಮೆಟ್ಟಿಲು. ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಎಂಟನೆಯದನ್ನೂ ಸೇರಿಸಿದ್ದಾರೆ. ಅಲ್ಲಿ ಹೊಸ್ತಿಲು ಒಂದು ವರ್ಷ ಮುಂದಕ್ಕೆ ಹೋಯಿತು, ಅಷ್ಟೇ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯೂ ಹದಿನಾಲ್ಕು ದಾಟಿದವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಹಚ್ಚಲು ಬಿಡುತ್ತದೆ. ಗಿರಣಿಯ ಜಾಗದಲ್ಲಿ ಈಗ ಗ್ಯಾರೇಜು, ಕಬ್ಬಿನ ಗದ್ದೆ, ಧಾಬಾ.

ಸರಕಾರ ಕೈಕಟ್ಟಿ ಕೂತಿಲ್ಲ. 2006-07ರಲ್ಲಿ ಎಂಟನೆಯ ತರಗತಿಗೆ ಬಂದವರಿಗೆ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಈ ಬಯಲುಸೀಮೆಯ ರಸ್ತೆಗಳಲ್ಲಿ ಹುಡುಗಿಯರು ಸಾಲುಗಟ್ಟಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುವ ನೋಟ ಅದಕ್ಕೆ ಮೊದಲು ಇರಲಿಲ್ಲ. ಅಪ್ಪನೋ ಅಣ್ಣನೋ ಬಿಟ್ಟು ಬರಬೇಕಿಲ್ಲ, ಬಸ್ಸಿಗೆ ಕಾಯಬೇಕಿಲ್ಲ ಎಂಬುದೇ ಎಷ್ಟೋ ತಾಯಂದಿರ ಒಪ್ಪಿಗೆಗೆ ಕಾರಣವಾಯಿತು. ಕೊರೊನಾ ಕಾಲದಲ್ಲಿ ಆ ಯೋಜನೆ ನಿಂತುಹೋಯಿತು. ಮಧ್ಯಾಹ್ನದ ಬಿಸಿಯೂಟ 2007ರಲ್ಲಿ ಹೈಸ್ಕೂಲಿಗೂ ವಿಸ್ತರಿಸಿತು. ವಾರಾನ್ನದ ಕಾಲದವರು ಇದ್ದಿದ್ದರೆ ಎಂಟನೆಯವರಿಗೆ ಶಾಲೆಯೇ ಅನ್ನ ಹಾಕುತ್ತದೆ ಎಂಬುದನ್ನು ನಂಬುತ್ತಿರಲಿಲ್ಲ. ಎಂಟನೆಯ ತರಗತಿಯಲ್ಲಿ ಬರೆಯುವ ಎನ್.ಎಂ.ಎಂ.ಎಸ್. ಎಂಬ ಕೇಂದ್ರ ಸರಕಾರದ ಪರೀಕ್ಷೆಯಲ್ಲಿ ಆಯ್ಕೆಯಾದ ಬಡ ವಿದ್ಯಾರ್ಥಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಸಾವಳಗಿಯ ಸ್ವಾಮಿಗಳು ಮಾಡಿದ ಕೆಲಸದ ಒಂದು ಪಾಲನ್ನು ಈಗ ಅರ್ಜಿ ನಮೂನೆಗಳು ಮಾಡುತ್ತಿವೆ ಎನ್ನಬಹುದು. ವ್ಯತ್ಯಾಸವೆಂದರೆ ಸ್ವಾಮಿಗಳು ಆದಾಯ ಪ್ರಮಾಣಪತ್ರ ಕೇಳಿರಲಾರರು.

ಇಂದು ಎಂಟನೆಯದಕ್ಕೆ ಸೇರಿಸಲು ಹೊರಟ ತಾಯಿಯ ಕೈಚೀಲದಲ್ಲಿ ಟಿ.ಸಿ., ಆಧಾರ್, ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯದ ಪತ್ರ, ಬ್ಯಾಂಕಿನ ಪಾಸ್‌ಬುಕ್, ಮಗುವಿನ ಸ್ಯಾಟ್ಸ್ ಸಂಖ್ಯೆ ಬರೆದ ಚೀಟಿ, ಫೋಟೋಗಳು ಇರುತ್ತವೆ. ಆಧಾರದಲ್ಲಿ ಹೆಸರಿನ ಒಂದಕ್ಷರ ಟಿ.ಸಿ.ಗಿಂತ ಬೇರೆಯಾಗಿದ್ದರೆ ವಿದ್ಯಾರ್ಥಿವೇತನ ಖಾತೆಗೆ ಬಾರದು. ಅದನ್ನು ಸರಿಪಡಿಸಲು ಎರಡು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಜಾಣ ಮುಖ್ಯಾಧ್ಯಾಪಕರು ಏಳನೆಯ ತರಗತಿ ನಡೆಯುತ್ತಿರುವಾಗಲೇ, ದೀಪಾವಳಿ ಮುಗಿದ ಕೂಡಲೇ ಎಲ್ಲ ಕಾಗದಗಳನ್ನೂ ತರಿಸಿ ಹೆಸರುಗಳನ್ನು ತಾಳೆ ನೋಡಿಬಿಡುತ್ತಾರೆ. ಹೈಸ್ಕೂಲು ಸೇರಿದ ಮೇಲೆ ಜೂನ್ ತಿಂಗಳಲ್ಲಿ 'ಸೇತುಬಂಧ' ಎಂಬ ಹೆಸರಿನ ಪಾಠಗಳಿರುತ್ತವೆ. ಮಗು ಹಿಂದಿನ ತರಗತಿಯ ಯಾವುದನ್ನು ಮರೆತಿದೆ ಎಂದು ಒಂದು ಸಣ್ಣ ಪರೀಕ್ಷೆಯಿಂದ ತಿಳಿದುಕೊಂಡು, ಅದನ್ನು ಮತ್ತೆ ಕಲಿಸಿ, ನಂತರ ಹೊಸ ಪಾಠ ಹಿಡಿಯುವುದು ಅದರ ಕ್ರಮ. ಮನಸ್ಸಿಟ್ಟು ಮಾಡಿದರೆ ಅರ್ಧ ಹೆದರಿಕೆ ಅಲ್ಲಿಗೆ ಹೋಗುತ್ತದೆ. ಬರಿಯ ನಮೂನೆ ತುಂಬಿದರೆ ಏನೂ ಆಗದು.

ಇವೆಲ್ಲ ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಏಳನೆಯದು ಮುಗಿಸಿ ಹೋದವರ ಪಟ್ಟಿ ಪ್ರಾಥಮಿಕ ಶಾಲೆಯಲ್ಲಿರುತ್ತದೆ, ಎಂಟನೆಯದಕ್ಕೆ ಬಂದವರ ಪಟ್ಟಿ ಹೈಸ್ಕೂಲಿನಲ್ಲಿ. ಒಂದು ಶಾಲೆ ಬಿಟ್ಟ ಮಗು ಇನ್ನೊಂದಕ್ಕೆ ಸೇರದಿದ್ದರೆ ಈಗ ಗಣಕಯಂತ್ರ ತೋರಿಸುತ್ತದೆ, ಹಿಂದೆ ಇಬ್ಬರು ಹೆಡ್‌ಮಾಸ್ತರರು ಸಂತೆಯ ದಿನ ಭೇಟಿಯಾದಾಗ ಗೊತ್ತಾಗುತ್ತಿತ್ತು. ಎರಡು ಪಟ್ಟಿ ಕೂಡದಿದ್ದಾಗ ಉಳಿಯುವ ಮೂರೋ ನಾಲ್ಕೋ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಮನೆ ಹುಡುಕಿಕೊಂಡು ಹೋಗುವ ಮಾಸ್ತರರು, ಅಕ್ಕೋರು ಈ ಮೂರೂ ತಾಲ್ಲೂಕುಗಳಲ್ಲಿ ಇದ್ದಾರೆ. ಬಾಗಿಲಲ್ಲಿ ನಿಂತ ತಾಯಿ ಮೊದಲು ಹೇಳುವುದು 'ಒಳಗ ಬರ್ರಿ, ಚಾ ಕುಡೀರಿ' ಎಂದು. ಹುಡುಗಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ.